ಮರೆಗೆ ಸರಿಸಿದ ಪ್ರಶ್ನೆಗಳು

ಟ್ರಿಣ್ ಟ್ರಿಣ್ ಎಂದು ಹಳೆಯ ಕಾಲದ ಟೆಲಿಫೋನಿನಂತೆ ಮೊಬೈಲು ಬಡಿದುಕೊಂಡಿತು. ರಾಮಚಂದ್ರಪ್ಪ ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಎದುರು ಕೂತಿದ್ದ ಸುಮನಾಗೆ ಒಂದು ನಿಮಿಷ ಎಂದು ಬೆರಳು ತೋರಿಸಿ ಫೋನೆತ್ತಿದರು.

“ಹೇಳಮ್ಮ ಜಯಶೀಲಾ. ಹೂಂ... ಹೂಂ... ಸಾಲಿನ ಮುಂದೆ ನಾಲ್ಕು ಜಾಗ ಬಿಟ್ಟಿದೀಯಾ? ಬಿಟ್ಟಿಲ್ಲ ತಾನೆ? ಬಿಟ್ಟು ಪ್ರೋಗ್ರಾಮ್ ರನ್ ಮಾಡು. ಬಂತಾ? ಬಂತಲ್ಲ! ಸರಿ, ಇಡ್ತೀನಿ.”

ಫೋನಿಟ್ಟು ಅವರು ನಕ್ಕರು. ಸುಮನಾಗೆ ನಗು ಬರಲಿಲ್ಲ. ಅವರನ್ನು ಹಿಡಿದು ಜಗಳವಾಡಲೆಂದೇ ಅವಳು ಶಿವಮೊಗ್ಗದಿಂದ ಬಸ್ಸು ಹತ್ತಿ ಭದ್ರಾವತಿಯ ನ್ಯೂ ಟೌನಿನ ಅವರ ಮನೆಗೆ ಬಂದಿದ್ದಳು. ಜಗಳದ ಮಾತುಗಳೆಲ್ಲ ಆ ಒಂದು ಫೋನಿಗೆ ಚೆದುರಿಹೋದವು.

“ಸರ್, ಇವರು ಇವತ್ತು ನಮ್ಮ ಕಟ್ಟೇಲಿ ಪ್ರಶ್ನೆ ಹಾಕಿದ್ರಾ?”

“ಹಾಕಿದ್ರು ಮೇಡಂ. ಕಾಗದನಗರದಲ್ಲಿ ಝೆರಾಕ್ಸ್ ಅಂಗಡಿ ಇಟ್ಕೊಂಡಿದಾರೆ ಪಾಪ. ಬೆಳಿಗ್ಗೆ ನೋಡಿದವನೇ ಬೇರೆ ಯಾರಿಗೂ ಕಾಣದ ಹಾಗೆ ಮರೆಗೆ ಸರಿಸಿದೆ. ಫೋನ್ ಮಾಡಿ ಅಂತ ಮೆಸೇಜ್ ಹಾಕಿದೆ.”

ಅಷ್ಟು ಸಲೀಸಾಗಿ ಹೇಳಿದರು. ಸುಮನಾ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

‘ಕೋಡ್ ಕಟ್ಟೆ’ ಅವಳು ಕಟ್ಟಿದ್ದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತ, ಪ್ರೋಗ್ರಾಮಿಂಗ್ ಕಲಿಯುವವರು ಕನ್ನಡದಲ್ಲೇ ಪ್ರಶ್ನೆ ಕೇಳಿ ಒಬ್ಬರಿಗೊಬ್ಬರು ಉತ್ತರ ಹೇಳಿಕೊಳ್ಳಲಿ ಎಂದು ನಾಲ್ಕು ವರ್ಷದ ಹಿಂದೆ ಅಂತರ್ಜಾಲದಲ್ಲಿ ತೆರೆದ ವೇದಿಕೆ ಅದು. ಒಂಬೈನೂರು ಜನ ಸೇರಿದರು. ಆದರೂ ಯಾವಾಗ ನೋಡಿದರೂ ಗುಡಿಸಿಟ್ಟ ಜಗಲಿಯಂತೆ ಖಾಲಿ. ಈ ತಿಂಗಳೊಳಗೆ ಜನ ಮಾತಾಡದಿದ್ದರೆ ಮುಚ್ಚಿಬಿಡುವುದೆಂದು ತೀರ್ಮಾನಿಸಿ, ಕೊನೆಯ ಪ್ರಯತ್ನವೆಂಬಂತೆ ಎಲ್ಲವನ್ನೂ ಹೊಸದಾಗಿ ಜೋಡಿಸತೊಡಗಿದ್ದಳು. ಹತ್ತೊಂಬತ್ತು ವಿಭಾಗಗಳನ್ನು ನಾಲ್ಕಕ್ಕೆ ಇಳಿಸಿದಳು. ‘ಹೊಸಬರು ಇಲ್ಲಿ ಕೂರಿ’ ಎಂಬುದನ್ನು ಎಲ್ಲಕ್ಕಿಂತ ಮೇಲಿಟ್ಟಳು. ನಿನ್ನೆ ಹಳೆಯದನ್ನೆಲ್ಲ ಹೊಸ ಜಾಗಕ್ಕೆ ಸಾಗಿಸುವಾಗ ಲೆಕ್ಕ ಕಂಡಿತು: ಎದುರಿಗಿರುವ ಪ್ರಶ್ನೆಗಳು ಇಪ್ಪತ್ತೆರಡು, ಮರೆಗೆ ಸರಿಸಿದ್ದು ಮುನ್ನೂರ ತೊಂಬತ್ತೊಂದು. ಅಷ್ಟನ್ನೂ ಸರಿಸಿದವರ ಹೆಸರು ಒಂದೇ. ಕಟ್ಟೆಯನ್ನು ಕಾಯಲೆಂದು ಅವಳೇ ನಂಬಿ ಕೂರಿಸಿದ್ದ ರಾಮಚಂದ್ರಪ್ಪ.

“ಯಾಕೆ ಸರ್?” ಎಂದಳು.

ರಾಮಚಂದ್ರಪ್ಪ ಅವಲಕ್ಕಿಯ ತಟ್ಟೆಯನ್ನು ಇನ್ನಷ್ಟು ದೂರ ಸರಿಸಿದರು. ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಮೀಟರುಗಳನ್ನು ನೋಡಿಕೊಂಡಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ತಂದು, ಒಂದೇ ಬೆರಳಲ್ಲಿ ಕುಟ್ಟುತ್ತ ಪ್ರೋಗ್ರಾಮಿಂಗ್ ಕಲಿತವರು.

“ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೂಪರ್‌ವೈಸರಿಗೆ ಒಂದು ಮಾತು ಕೇಳಿದ್ದೆ. ಈ ಮೀಟರಿನ ಮುಳ್ಳು ಯಾಕೆ ನಡುಗುತ್ತೆ ಸಾರ್, ಅಂತ. ಅವರು ಇಡೀ ಶಿಫ್ಟನ್ನ ಕರೆದು ನನ್ನ ಪ್ರಶ್ನೇನ ಎರಡು ಸಲ ಹೇಳಿಸಿದ್ರು. ಎಲ್ಲರೂ ನಕ್ಕರು. ಆಮೇಲೆ ಮೂವತ್ತೊಂದು ವರ್ಷ ನಾನು ಯಾರಿಗೂ ಏನೂ ಕೇಳಲಿಲ್ಲ ಮೇಡಂ. ಕಟ್ಟೆ ಶುರುವಾದಾಗ ಒಬ್ಬಳು ಏನೋ ಕೇಳಿದ್ದಳು. ಕೆಳಗೊಬ್ಬ, ಇಷ್ಟೂ ಗೊತ್ತಿಲ್ವಾ ಅಂತ ಬರೆದ. ಆಕೆ ಮತ್ತೆ ಬರಲೇ ಇಲ್ಲ. ಅವತ್ತಿಂದ ಯಾರ ಮರ್ಯಾದೆಯೂ ಹೋಗಬಾರದು ಅಂತ...”

“ಬೆಳಗಾದ್ರೆ ಫೋನು,” ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹೂವಮ್ಮ ಹೇಳಿದರು. “ನನ್ ಹತ್ರ ಇದರಲ್ಲಿ ಅರ್ಧ ಮಾತಾಡಿದ್ರೂ ನಾನೂ ಪ್ರೋಗ್ರಾಮ್ ಕಲ್ತಿರ್ತಿದ್ದೆ ಮಾರಾಯ್ತಿ.”

ಸುಮನಾ ಲ್ಯಾಪ್‌ಟಾಪು ತೆರೆದು ಅವರ ಕಡೆ ತಿರುಗಿಸಿದಳು.

“ಸಾಲಿನ ಮುಂದೆ ಜಾಗ ಬಿಡೋದು. ಈಗ ಜಯಶೀಲಾಗೆ ಹೇಳಿದ್ರಲ್ಲ, ಅದೇ ಪ್ರಶ್ನೆ. ನಲವತ್ತೊಂದು ಜನ ಕೇಳಿದಾರೆ ಸರ್. ಒಬ್ಬೊಬ್ಬರೂ ಏನಂತ ಶುರು ಮಾಡಿದಾರೆ ಓದಿ.”

ಅವರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ‘ನನಗೊಬ್ಬನಿಗೇ ಇದು ತಲೆಗೆ ಹತ್ತುತ್ತಿಲ್ಲ.’ ‘ಎಲ್ಲರಿಗೂ ಗೊತ್ತಿರಬೇಕು, ನಾನೇ ದಡ್ಡಿ.’ ‘ನನ್ನಂಥವರು ಇಲ್ಲಿ ಯಾರೂ ಇಲ್ಲ ಅನ್ನಿಸುತ್ತೆ.’ ಬೆರಳು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯಿತು, ಆಮೇಲೆ ನಿಂತುಬಿಟ್ಟಿತು. ನಲವತ್ತೊಂದು ಸಲವೂ ಅವರು ಫೋನಿನಲ್ಲಿ ಪ್ರೀತಿಯಿಂದಲೇ ಉತ್ತರ ಹೇಳಿದ್ದರು. ಆ ನಲವತ್ತೊಂದು ಜನ ಒಬ್ಬರ ಮುಖ ಒಬ್ಬರು ನೋಡದಂತೆ ನಡುವೆ ಗೋಡೆ ಎಬ್ಬಿಸಿದ್ದೂ ಅವರೇ.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಹೂವಮ್ಮ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದರು.

“ಕಟ್ಟೇನ ಖಾಲಿ ಮಾಡಿದ್ದು ನಾನೇನಾ?”

ಸುಮನಾಗೆ ಇಲ್ಲ ಅನ್ನಲು ಆಗಲಿಲ್ಲ. “ಕೇಳಿದವರ ಒಪ್ಪಿಗೆ ತಗೊಂಡು ಇವನ್ನೆಲ್ಲ ಎದುರಿಗೆ ತರೋಣ. ನಗೋರನ್ನ ಹೊರಗೆ ಹಾಕೋಣ, ಪ್ರಶ್ನೇನಲ್ಲ. ಆದ್ರೆ ಹೊಸ ವಿಭಾಗದಲ್ಲಿ ಮೊದಲು ಯಾರಾದ್ರೂ ಒಬ್ಬರು, ನಂಗೆ ಗೊತ್ತಿಲ್ಲ ಅಂತ ಕೂರಬೇಕಲ್ಲ ಸರ್. ನಾನು ಕೂತರೆ ನಾಟಕ ಅಂತಾರೆ.”

“ಇವರಿಗೇ ಬರದೇ ಇರೋದು ಒಂದಿದೆಯಲ್ಲ,” ಎಂದರು ಹೂವಮ್ಮ. “ಅದೇ, ಪ್ರೋಗ್ರಾಮಲ್ಲಿ ತನ್ನನ್ನ ತಾನೇ ಕರ್ಕೊಳ್ಳೋ ಫಂಕ್ಷನ್ನು. ಎಂಟು ತಿಂಗಳಿಂದ ಫೋನಲ್ಲಿ ಯಾರು ಕೇಳಿದ್ರೂ ನಾಳೆ ಹೇಳ್ತೀನಿ ಅಂತಾರೆ.”

ರಾಮಚಂದ್ರಪ್ಪ ಹೆಂಡತಿಯನ್ನು ನೋಡಿದ ನೋಟದಲ್ಲಿ, ಇದು ಇವಳಿಗೆ ಹೇಗೆ ಗೊತ್ತಾಯಿತು ಎಂಬ ದಿಗಿಲಿತ್ತು. ಅಷ್ಟರಲ್ಲಿ ಮತ್ತೆ ಟ್ರಿಣ್ ಟ್ರಿಣ್. ಅವರು ಫೋನನ್ನು ಮುಟ್ಟಲಿಲ್ಲ.

“ಹೆಸರು ಹಾಕದೇನೂ ಕೇಳಬಹುದು ಸರ್,” ಸುಮನಾ ಅವಸರವಾಗಿ ಹೇಳಿದಳು. “ಹೊಸ ಜೋಡಣೇಲಿ ಅದಕ್ಕೂ ದಾರಿ ಇಟ್ಟಿದೀನಿ. ನೀವು ಬೇಕಿದ್ರೆ ನಿಧಾನವಾಗಿ, ನಾಳೆ ನಾಡಿದ್ದು...”

ಅವಳ ಮಾತಿನ್ನೂ ಮುಗಿದಿರಲಿಲ್ಲ. ರಾಮಚಂದ್ರಪ್ಪ “ಹೆಸರು ಹಾಕೇ ಕೇಳ್ತೀನಿ ಮೇಡಂ” ಎಂದು ಎದ್ದು, ಫೋನನ್ನು ಅಲ್ಲೇ ಬಡಿದುಕೊಳ್ಳಲು ಬಿಟ್ಟು, ಕಂಪ್ಯೂಟರಿದ್ದ ಒಳಕೋಣೆಗೆ ನಡೆದರು.