ಬಾಗಿಲಿನ ಜತೆ ಒಂದು ಪೆನ್‌ಡ್ರೈವ್

ಬಾಳಗಡಿಯ ರಜಾಕ್ ಬಾಗಿಲು ಮಾಡಿಕೊಟ್ಟರೆ ಅದರ ಜತೆಗೆ ಒಂದು ಪೆನ್‌ಡ್ರೈವನ್ನೂ ಕೊಡುತ್ತಿದ್ದ. ಕೇಳದಿದ್ದರೂ ಕೊಡುತ್ತಿದ್ದ. ಬೇಡವೆಂದರೆ ಮುಖ ಊದಿಸಿಕೊಳ್ಳುತ್ತಿದ್ದ.

ವಿಷಯ ಏನೆಂದರೆ, ಅವನ ಅಂಗಡಿಯಲ್ಲಿ ಮರದ ಮೇಲೆ ಹೂವು ಬಳ್ಳಿ ಕೊರೆಯುವ ಕಂಪ್ಯೂಟರ್ ಮೆಷಿನ್ನು ಒಂದಿದೆ. ಅದನ್ನು ನಡೆಸುವ ಸಾಫ್ಟ್‌ವೇರು ಪುಕ್ಕಟೆಯದು. ಯಾವ ಯಾವುದೋ ದೇಶದವರು ಸೇರಿ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಬಿಚ್ಚಿಟ್ಟದ್ದು. ಹಲಸಿನ ಹಲಗೆ ಒಂಚೂರು ಸೊಟ್ಟಗಿದ್ದರೂ ಕೆತ್ತನೆ ಒಂದೇ ಆಳಕ್ಕೆ ಇಳಿಯುವಂತೆ ರಜಾಕ್ ಅದನ್ನು ವರ್ಷಗಟ್ಟಲೆ ಕೂತು ತಿದ್ದಿದ್ದ. ಶಿವಮೊಗ್ಗದ ಒಂದು ತರಬೇತಿಯಲ್ಲಿ ಲೈಸೆನ್ಸಿನ ಷರತ್ತು ಹೇಳಿದ್ದರು: ಸಾಫ್ಟ್‌ವೇರನ್ನು ತಿದ್ದಿ ಬೇರೆಯವರಿಗೆ ಕೊಟ್ಟರೆ, ತಿದ್ದಿದ್ದನ್ನೂ ಹಾಗೇ ಬಿಚ್ಚಿ ಕೊಡಬೇಕು. ಪುಣ್ಯಾತ್ಮ ಅದನ್ನು ಬಾಗಿಲಿಗೂ ಅನ್ವಯಿಸಿ, ತಿದ್ದಿದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಹಂಚತೊಡಗಿದ!

"ಅಲ್ಲ ಮಾರಾಯ್ರೆ, ಬಾಗಿಲು ತಗೊಂಡೋರು ಬಾಗಿಲು ಹಾಕ್ಕೋತಾರೆ. ಇದನ್ನ ತಗೊಂಡು ಎಂತ ಮಾಡ್ತಾರೆ?" ಎಂದು ಹೆಂಡತಿ ರಹೀಮುನ್ನೀಸಾ ನಗುತ್ತಿದ್ದಳು.

"ಷರತ್ತು ಅಂದ್ರೆ ಷರತ್ತು. ನಾಳೆ ಯಾರಾದ್ರೂ ಕೇಸು ಹಾಕಿದ್ರೆ ಕೋರ್ಟಿಗೆ ನೀನು ಹೋಗ್ತೀಯಾ?"

ಈ ಮೇ ತಿಂಗಳಲ್ಲಿ ಸಿಡಿಲು ಬಡಿದು ಅಂಗಡಿಯ ಕಂಪ್ಯೂಟರು ಸುಟ್ಟುಹೋಯಿತು. ಮೆಷಿನ್ನಿಗೆ ಏನೂ ಆಗಲಿಲ್ಲ. ಹೊಸ ಕಂಪ್ಯೂಟರು ಬಂತು, ಮೂಲ ಸಾಫ್ಟ್‌ವೇರೂ ಇಂಟರ್ನೆಟ್ಟಿನಿಂದ ಇಳಿಯಿತು. ಆದರೆ ರಜಾಕ್ ತಿದ್ದಿದ್ದೆಲ್ಲ ಹೋಗೇ ಹೋಯಿತು. ಕಂಡಕಂಡವರಿಗೆ ಹಂಚಿದ ಮಹಾರಾಯ ತನಗೆಂದು ಒಂದು ಪ್ರತಿ ಎತ್ತಿಟ್ಟುಕೊಂಡಿರಲಿಲ್ಲ!

ಬೇಗಾರಿನ ಹೋಂಸ್ಟೇಯೊಂದಕ್ಕೆ ಹಲಸಿನ ಬಾಗಿಲುಗಳು ಆಗಬೇಕಿದ್ದವು. ಹಲಗೆಗಳು ಬಂದು ಬಿದ್ದಿದ್ದವು, ಒಂದೂ ನೆಟ್ಟಗಿರಲಿಲ್ಲ. ಸುದ್ದಿ ತಿಳಿದ ಮೆಷಿನ್ ಡೀಲರೊಬ್ಬ ಫೋನ್ ಮಾಡಿ, ಸೋಮವಾರ ಬಂದು ಕಂಪ್ಯೂಟರಿನ ಬದಲು ತನ್ನ ಕಂಪನಿಯ ಕಂಟ್ರೋಲ್ ಪೆಟ್ಟಿಗೆ ಕೂರಿಸುತ್ತೇನೆ, ಸೊಟ್ಟ ಹಲಗೆಗೂ ಆಗುತ್ತದೆ ಎಂದ. ಅದು ಎಂಥ ಪೆಟ್ಟಿಗೆ ಅಂತೀರಿ! ವರ್ಷ ವರ್ಷ ಫೀಸು ಕಟ್ಟದಿದ್ದರೆ ಮೆಷಿನ್ನನ್ನೇ ನಿಲ್ಲಿಸುತ್ತದೆ. ಉಳಿದ ಮೆಷಿನ್ನುಗಳೆಲ್ಲ ಓದುವ ಸ್ಟ್ಯಾಂಡರ್ಡ್ ಫೈಲನ್ನು ಅದು ಮೂಸಿಯೂ ನೋಡುವುದಿಲ್ಲ. ಒಳಗೆ ಒಂದಕ್ಷರ ತಿದ್ದುವ ಹಾಗಿಲ್ಲ. ಒಪ್ಪದಿದ್ದರೆ ಆರ್ಡರು ಹೋಗುತ್ತದೆ, ಒಪ್ಪಿದರೆ ತನ್ನ ಮೆಷಿನ್ನಿಗೆ ತಾನೇ ಬಾಡಿಗೆದಾರ. ರಜಾಕನಿಗೆ ಅಳುವೇ ಬಂತು.

"ಕೂತು ಅಳೋದೆಂತಕ್ಕೆ? ಊರೆಲ್ಲ ಹಂಚಿದ್ದೀರಲ್ಲ, ಹೋಗಿ ವಾಪಸ್ ಕೇಳಿ" ಎಂದಳು ರಹೀಮುನ್ನೀಸಾ. ಅಯ್ಯೋ, ಹೌದಲ್ಲ! ರಜಾಕ್ ಬೈಕ್ ಹತ್ತಿದ.

ಹಿರೇಕೊಡಿಗೆಯ ಗಿಡ್ಡಯ್ಯ ಪೆನ್‌ಡ್ರೈವಿನಲ್ಲಿದ್ದುದನ್ನು ಅಳಿಸಿ ಯಕ್ಷಗಾನ ತುಂಬಿಸಿಕೊಂಡಿದ್ದ. "ಒಳ್ಳೇ ಪ್ರಸಂಗ ಮಾರಾಯ, ಕೂತು ಕೇಳ್ಕೊಂಡು ಹೋಗು" ಎಂದು ಉಪಚಾರ ಬೇರೆ. ಶೃಂಗೇರಿಯ ವನಜಮ್ಮ ಅದನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿ, ಸೀರೆಯ ಜತೆಗೆ ನೆನೆಹಾಕಿ ಒಗೆದಿದ್ದರು. ಉಳಿದ ಮನೆಗಳ ಕಥೆಯೂ ಇಷ್ಟೇ. ಭಾನುವಾರ ಮಧ್ಯಾಹ್ನ ಕೊನೆಯ ಆಸೆ ಇಟ್ಟುಕೊಂಡು ಎನ್.ಆರ್. ಪುರದ ವೀರಬಸಮ್ಮನ ಮನೆಗೆ ಬಂದ. ಗಂಡ ಹೋದ ಮೇಲೆ ಅಡಿಕೆ ವ್ಯಾಪಾರವನ್ನು ತಾನೇ ನಡೆಸಿದ ಹೆಂಗಸು. ಹಿತ್ತಿಲ ಕಡೆಯಿಂದ ಒಳಗೆ ಕರೆದು, ಬೀರು ತೆಗೆದು, ಮನೆ ಪತ್ರಗಳ ನಡುವಿನಿಂದ ಪೆನ್‌ಡ್ರೈವ್ ಹೊರತೆಗೆದರು. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಬಾಗಿಲಿನ ಜತೆ ಕೊಟ್ಟಿದ್ದಲ್ವಾ? ನಾಳೆ ಯಾರಾದ್ರೂ ಕೇಳಿದ್ರೆ ಇರಲಿ ಅಂತ ಇಟ್ಟೆ."

ರಜಾಕ್ ಕೈ ಚಾಚಿದ. ವೀರಬಸಮ್ಮ ಮುಷ್ಟಿ ಮುಚ್ಚಿದರು.

"ಅವತ್ತು ಏನಂದಿದ್ದೆ? ನಕಲು ಮಾಡಿ ಯಾರಿಗೆ ಬೇಕಾದ್ರೂ ಕೊಡಬಹುದು, ಅದಕ್ಕೆ ದುಡ್ಡೂ ತಗೋಬಹುದು ಅಂತ ಒಂದು ಗಂಟೆ ಭಾಷಣ ಮಾಡಿದ್ಯಲ್ಲಪ್ಪ?"

"ಹೌದಮ್ಮಾ."

"ಹಂಗಾದ್ರೆ ದುಡ್ಡು ತೆಗಿ."

"ಅಮ್ಮಾ, ಅದು ನಾನೇ ಬರ್ದಿದ್ದು!"

"ಪೂರ್ತಿ ನೀನೇ ಬರ್ದಿದ್ದಾ?"

ರಜಾಕ್ ತಲೆ ಕೆರೆದುಕೊಂಡ. ಇಲ್ಲ, ಮೂಲ ಬೇರೆಯವರದ್ದು, ತಾನು ತಿದ್ದಿದ್ದು ಅಷ್ಟೇ ಎಂದ.

"ಅವರಿಗೆ ಏನು ಕೊಟ್ಟೆ?"

ಏನೂ ಕೊಟ್ಟಿರಲಿಲ್ಲ. 'ಈ ಕೆಲಸ ದೇಣಿಗೆಯಿಂದ ನಡೆಯುತ್ತದೆ, ಕೈಲಾದಷ್ಟು ಕೊಡಿ' ಎಂದು ಪರದೆಯ ಮೇಲೆ ಬರುತ್ತಿದ್ದುದನ್ನು ನೊಣ ಓಡಿಸುವಂತೆ ಓಡಿಸುತ್ತಿದ್ದ. ಷರತ್ತು ಷರತ್ತು ಎಂದು ಊರೆಲ್ಲ ಕುಣಿದವನಿಗೆ ಈಗ ನಿಜಕ್ಕೂ ನಾಚಿಕೆಯಾಯಿತು.

"ಒಂದು ಕಿಟಕಿಗೆ ಎಷ್ಟು ಕೂಲಿ ತಗೋತೀಯೋ ಅಷ್ಟು. ನಂಗೆ ಬೇಡಪ್ಪ, ಅವರಿಗೆ ಕಳಿಸು. ಇಲ್ಲೇ, ನನ್ನೆದುರಿಗೆ."

ರಜಾಕ್ ಫೋನ್ ತೆಗೆದು ಕಾರ್ಡಿನ ನಂಬರು ಒತ್ತಿ ಕಳಿಸಿದ. ಕೆಳಗೆ, ಏನಾದರೂ ಹೇಳುವುದಿದ್ದರೆ ಬರೆಯಿರಿ ಎಂದಿತ್ತು.

"ಇದೆ, ಇದೆ, ಬರ್ಕೋ" ಎಂದು ವೀರಬಸಮ್ಮ ಕನ್ನಡಕ ಏರಿಸಿದರು. "ಬಾಗಿಲು ಚೆನ್ನಾಗಿದೆ. ಅದ್ರಲ್ಲಿ ಕೆತ್ತಿದ ನವಿಲಿಗಂತೂ ಜೀವ ಬಂದಂಗಿದೆ. ಆದ್ರೆ ಹೋದ ಮಳೆಗಾಲದಿಂದ ಬಿಗಿದ್ಕೊಂಡು ಕೂತಿದೆ, ಹಿತ್ತಿಲಿಂದ ಓಡಾಡ್ತಾ ಇದೀವಿ. ರಜಾಕನಿಗೆ ಎಷ್ಟು ಸಲ ಫೋನ್ ಮಾಡಿದ್ರೂ ನಾಳೆ ಬರ್ತೀನಿ ಅಂತಾನೆ. ನೀವಾದ್ರೂ ಸ್ವಲ್ಪ ನೋಡಿ."

"ಅಮ್ಮಾ, ಅವರು ಎಲ್ಲೋ ಜರ್ಮನಿ ಕಡೆಯೋರು..."

"ಬರೀತೀಯೋ, ಇದನ್ನ ಬೀರುಗೆ ವಾಪಸ್ ಇಡ್ಲೋ?"

ಬರೆದ. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿತು. ಕಳಿಸಿದ ಮೇಲೆಯೇ ಪೆನ್‌ಡ್ರೈವ್ ಕೈಗೆ ಬಂತು.

ಸೋಮವಾರ ಡೀಲರು ಪೆಟ್ಟಿಗೆ ಹೊತ್ತು ಬರುವಷ್ಟರಲ್ಲಿ ಮೆಷಿನ್ನು ಸೊಟ್ಟ ಹಲಗೆಯ ಮೇಲೆ ಚೆಂದದ ಬಳ್ಳಿ ಇಳಿಸುತ್ತಿತ್ತು. ಅವನಿಗೆ ಚಹಾ ಕುಡಿಸಿ, ಒಂದು ಪೆನ್‌ಡ್ರೈವನ್ನೂ ಕೊಟ್ಟು ಕಳಿಸಿದರು.

ಅದೇ ವಾರ ಹೊರದೇಶದಿಂದ ಉತ್ತರ ಬಂತು. ರಹೀಮುನ್ನೀಸಾ ಅದನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದಳು: "ದೇಣಿಗೆಗೆ ಧನ್ಯವಾದ. ಬಾಗಿಲಿನ ದೋಷವನ್ನು ಎಲ್ಲರಿಗೂ ಕಾಣುವಂತೆ ನಮ್ಮ ಪುಟದಲ್ಲಿ ದಾಖಲಿಸಿದ್ದೇವೆ. ಸರಿಪಡಿಸುವ ಹೊಣೆಯನ್ನು ಶ್ರೀ ರಜಾಕ್ ಅವರಿಗೆ ವಹಿಸಲಾಗಿದೆ."

ಅವಳ ನಗು ನಿಲ್ಲುವ ಮೊದಲೇ ರಜಾಕ್ ಬಾಗಿಲಿನ ಅಂಚು ಕೀಸುವ ಕೀಸುಳಿಯನ್ನು ಚೀಲಕ್ಕೆ ಹಾಕಿಕೊಂಡು ಎನ್.ಆರ್. ಪುರದ ದಾರಿ ಹಿಡಿದಿದ್ದ.