ಶಾರ್ಜಾಕ್ಕೆ ಮುಖ ತೋರಿಸಿ ಬರುತ್ತಿದ್ದ ಆಪಾ

ಆಪಾನ ತುಟಿಯ ಎಡಮೂಲೆಯಲ್ಲಿ ಸದಾ ಎರಡು ಮೂರು ಗುಂಡುಸೂಜಿ, ನಮ್ಮ ಮಾತಿನಲ್ಲಿ ಟಾಚಣಿ, ಇರುತ್ತಿದ್ದವು. ಬಲಮೂಲೆಯಿಂದ ಮಾತು, ಬೈಗುಳ, ನಗು ಎಲ್ಲ ಹೊರಗೆ ಬರುತ್ತಿತ್ತು. ಮುಂದೆ ನಿಂತವಳ ಕುಪ್ಪಸಕ್ಕೆ ಗುರುತು ಹಾಕುತ್ತ, ಒಂದೊಂದೇ ಟಾಚಣಿ ಬಾಯಿಂದ ತೆಗೆದು ಚುಚ್ಚುತ್ತಿದ್ದಳು. "ನುಂಗೀರಿ ಆಪಾ" ಅಂದರೆ, "ನುಂಗಿದ್ರ ಏನಾತು ಬೇ? ಒಳಗೂ ಒಂದೀಟು ಹೊಲಿಗಿ ಬಿಚ್ಚೇತಿ, ಕೂಡತೈತಿ ಬಿಡು" ಅನ್ನುತ್ತಿದ್ದಳು.

ವಿಜಯಪುರದಲ್ಲಿ ನಮ್ಮ ಮನೆಗೂ ಆಪಾನ ಮನೆಗೂ ನಡುವೆ ಒಂದೇ ಗೋಡೆ. ಆಪಾ ಅಂದರೆ ಅಕ್ಕ, ಓಣಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ನಾನು ಬಬಲೇಶ್ವರದಿಂದ ಸೊಸೆಯಾಗಿ ಬಂದಾಗ ಪಿಯುಸಿ ಅರ್ಧಕ್ಕೆ ನಿಂತಿತ್ತು. ಮೊದಲ ವರ್ಷದ ರಿಸಲ್ಟ್ ಬರುವುದಕ್ಕೆ ಮೊದಲೇ ನಮ್ಮಪ್ಪ ಅಕ್ಕಿಕಾಳು ಹಾಕಿಸಿ ಕೈ ತೊಳೆದುಕೊಂಡಿದ್ದ. ಬಾಗಿಲಲ್ಲಿ ಮೋರೆ ಇಳಿಬಿಟ್ಟುಕೊಂಡು ಕೂತವಳನ್ನು ಆಪಾನೇ ಕರೆದಳು. "ಏನ್ ಸತ್ತವರ ಮುಂದ ಕುಂತಂಗ ಕುಂತಿ? ಬಾ ಇಲ್ಲೆ, ಗುಂಡಿ ಹಚ್ಚು." ಅಲ್ಲಿಂದ ಶುರುವಾಯಿತು ನನ್ನ ವಿದ್ಯೆ.

ಮೊದಲ ಸಲ ಖಣ ಕತ್ತರಿಸಿದಾಗ ಬಾಯಿ ಬಿಟ್ಟುಕೊಂಡು ಮಾತಾಡುತ್ತ ಎರಡು ತೋಳನ್ನೂ ಒಂದೇ ಕಡೆಯವು ಮಾಡಿಟ್ಟೆ. ಗಿರಾಕಿ ಟಿಕೋಟಾದವರು, ಮಗಳ ಸೀಮಂತಕ್ಕೆ ತಂದ ಬಟ್ಟೆ. ಆಪಾ ನನ್ನನ್ನು ಬಯ್ಯಲಿಲ್ಲ. ತುಂಡುಗಳನ್ನು ಹಾಸಿ ಬಹಳ ಹೊತ್ತು ನೋಡಿದಳು, ಅಂಚಿನ ಚೂರಿನಿಂದ ತೋಳಿಗೆ ಪಟ್ಟಿ ಕೊಟ್ಟು ಹೊಸ ನಮೂನೆ ಮಾಡಿಬಿಟ್ಟಳು. ಆ ಗಿರಾಕಿಯ ತಂಗಿಯೂ ಅಂಥದೇ ಬೇಕೆಂದು ಬಂದಳು. ಅವರು ಹೋದ ಮೇಲೆ ನನ್ನ ತಲೆಗೊಂದು ಮೊಟಕಿದಳು. "ಮೊದಲ ಅಳತಿ, ಆಮ್ಯಾಲ ಮಾತು. ನೀ ಉಲ್ಟಾ ಮಾಡ್ತಿ."

ಆಪಾನ ಗಂಡ ಶಾರ್ಜಾದಲ್ಲಿ ಗಾಡಿ ಹೊಡೆಯುತ್ತಿದ್ದವರು. ಆಕೆಯೂ ಅಲ್ಲಿಯೇ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಹಿಡಿದಿದ್ದಳು. ಅವರ ಕಿಡ್ನಿ ಕೆಟ್ಟು ಊರಿಗೆ ಬಂದಾಗ ಸೇವೆಗೆಂದು ಆಪಾನೂ ಬಂದಳು. ಆದರೆ ಮಗಳನ್ನು ಅಲ್ಲಿಯೇ, ಪಕ್ಕದ ಕೋಣೆಯ ಕೇರಳದ ಸಂಸಾರದ ಹತ್ತಿರ ಬಿಟ್ಟು ಬಂದಳು. ಹುಡುಗಿಯ ಸಾಲೆ ಮುಗಿಯಲು ಇನ್ನೂ ಕೆಲವು ವರ್ಷ ಇದ್ದವು. ಆ ಹುಡುಗಿ ಅಲ್ಲಿರುವ ಪರವಾನಗಿ ತಾಯಿಯ ಪರವಾನಗಿಗೆ ಗಂಟು ಹಾಕಿದ್ದು. ತಾಯಿ ಆರು ತಿಂಗಳು ಆ ದೇಶದ ಹೊರಗೆ ಉಳಿದರೆ ಆಕೆಯದು ಹೋಯಿತು, ಬೆನ್ನಿಗೇ ಮಗಳದೂ ಹೋಯಿತು.

ಹಾಗಾಗಿ ಆರು ತಿಂಗಳು ತುಂಬುವುದರೊಳಗೆ ಆಪಾ ಹೊರಡುತ್ತಿದ್ದಳು. ಕೆಲವು ವಾರ ಅಲ್ಲಿ ಅಂಗಡಿಯಲ್ಲಿ ಹಗಲೆಲ್ಲ ಹೊಲಿದು, ಗಂಡನ ಹತ್ತಿರ ತಿರುಗಿ ಬರುತ್ತಿದ್ದಳು. "ಮುಖ ತೋರಿಸಿ ಬರ್ತೀನಿ" ಅನ್ನುವುದು ಅವಳ ಮಾತು. ಹೋಗುವಾಗ ಇಲ್ಲಿಯ ಮಷೀನಿನ ಕೀಲಿ ನನ್ನ ಕೈಗೆ. "ಬಟ್ಟಿ ಕೆಟ್ರ ನನ್ನ ಹೆಸರು ಹೇಳು, ಚಂದ ಆದ್ರ ನಿನ್ನ ಹೆಸರು ಹೇಳು." ಹಾಗೆ ಹೇಳುವ ಗುರು ಯಾರಿಗೆ ಸಿಕ್ಕಾಳು? ಇವತ್ತು ಟಿಕೋಟಾದಲ್ಲಿ ನನ್ನದೇ ಅಂಗಡಿ ಇದೆ. ನನ್ನ ಮನೆಯ ಒಲೆ ಉರಿಯುವುದು ಆ ಕೀಲಿಯ ಪುಣ್ಯದಿಂದ.

ಓಣಿ ಸುಮ್ಮನಿರುತ್ತದೆಯೇ? "ಗಂಡ ಹಾಸಿಗಿ ಹಿಡದಾನ, ಈಕಿಗೆ ಇಮಾನ ಹತ್ತೂ ಚಟ" ಎಂದು ನಲ್ಲಿಯ ಹತ್ತಿರ ನಿಂತವರೆಲ್ಲ ಆಡಿಕೊಂಡರು. ನಾನೂ ಒಮ್ಮೆ ಕೇಳಿದೆ, "ಹುಡುಗೀನ ಇಲ್ಲೇ ಕರಕೊಂಡ್ ಬಂದ್ರ ಈ ತಿರಗಾಟ ತಪ್ಪತೈತೆಲ್ಲ ಆಪಾ?" ಬಾಯಿಂದ ಟಾಚಣಿ ತೆಗೆದು ಡಬ್ಬಿಗೆ ಹಾಕಿ ಹೇಳಿದಳು: "ಆಕಿ ಚಿಕ್ಕಪ್ಪ ಆಗಲೇ ಗಂಡು ನೋಡಿಟ್ಟಾನ. ಬಂದ ವರ್ಷನ ನಿಕಾಹ್. ನಿನಗ ಗೊತ್ತಿಲ್ಲೇನ ಅದು ಹೆಂಗಿರತೈತಿ?" ನನಗೆ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ಆ ವರ್ಷ ಹುಡುಗಿಯದು ಕೊನೆಯ ಪರೀಕ್ಷೆ. ಇಲ್ಲಿ ಗಂಡನ ಸ್ಥಿತಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಈ ವಾರ ಬೇಡ, ಮುಂದಿನ ವಾರ ಎಂದು ಆಪಾ ಹೊರಡುವುದನ್ನು ಮುಂದೆ ಹಾಕುತ್ತ ಬಂದು ಕೊನೆಗೆ, ಇನ್ನು ತಡೆದರೆ ಆಗದು ಅನ್ನುವ ಹೊತ್ತಿಗೆ ಟಿಕೀಟು ತೆಗೆಸಿದಳು. ಹೊರಡಲು ಒಂದು ವಾರವಿದ್ದಾಗ ಆ ಮನುಷ್ಯ ತೀರಿಕೊಂಡರು. ಪಾಪ, ಒಳ್ಳೆಯವರು. ಸಾಯುವ ಮುನ್ನಾದಿನವೂ "ಆಕಿ ಟಿಕೀಟು ಜ್ವಾಪಾನ ಇಡ್ರಿ" ಅಂದಿದ್ದರು.

ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿಯೇ ಕೂರಬೇಕು. ಇದ್ದತ್ ಅನ್ನುತ್ತಾರೆ. ಕೂತರೆ ಮಗಳ ಪರವಾನಗಿ ಪರೀಕ್ಷೆಗೆ ಮೊದಲೇ ಸಾಯುತ್ತದೆ. ಹೋದರೆ ಗಂಡನಿಗೆ ಕೊಡಬೇಕಾದ ಕೊನೆಯ ಮರ್ಯಾದೆ ಮುರಿಯುತ್ತದೆ. ಕಾರಣ ತೋರಿಸಿ ಅರ್ಜಿ ಹಾಕಿದರೆ ತಡವಾಗಿ ಬರಲು ಬಿಡುತ್ತಾರೆಂದು ಯಾರೋ ಹೇಳಿದರು. ಹಾಕಬೇಕಾದವನು ಶಾರ್ಜಾದ ಅಂಗಡಿಯ ಮಾಲಕ. ಅವನು ಆಪಾ ಬರುವತನಕ ಆಕೆಯ ಮಷೀನಿಗೆ ಬೇರೆಯವಳನ್ನು ಕೂರಿಸಿದ್ದ, ಫೋನೇ ಎತ್ತಲಿಲ್ಲ.

ಮಸೀದಿಯ ವಯಸ್ಸಾದ ಮೌಲವಿಗಳನ್ನು ಕರೆಸಿ ಬಾಗಿಲ ಮರೆಯಿಂದ ಕೇಳಿದಳು. ಅವರು ಹೇಳಿದರು: "ಹೊಟ್ಟಿಪಾಡಿಗೆ ಹಗಲ ಹೊರಗ ಹೋಗಿ ರಾತ್ರಿ ಮನಿಗೆ ಬರಾಕ ಸವಲತ್ತು ಐತಿ ಬೇಟಿ. ದೇಶ ದಾಟಾಕ ನಾ ಹ್ಞೂಂ ಅನ್ನಂಗಿಲ್ಲ. ಆದ್ರ ನಿನ್ನ ಮಜಬೂರಿ, ನಿನ್ನ ಕಷ್ಟ, ಅಲ್ಲಾಹಗ ಗೊತ್ತೈತಿ." ಆಪಾನ ಮೈದುನ ಮಾತ್ರ ಖಡಾಖಂಡಿತ. "ಭಾಭಿ, ಮಣ್ಣು ಇನ್ನೂ ಹಸಿ ಐತಿ. ಹೊಸ್ತಿಲ ದಾಟಿದ್ರ ತಿರುಗಿ ಈ ಮನಿ ಇಲ್ಲ." ಆಪಾನ ಅತ್ತೆ ಮೂಲೆಯಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ಅವರು ಏನಾದರೂ ಅಂದಾರೆಂದು ಆಪಾ ಅವರ ಮುಖವನ್ನೇ ನೋಡುತ್ತಿದ್ದಳು. ಮುದುಕಿ ಗೋಡೆ ಕಡೆ ತಿರುಗಿದರು.

ಮರುದಿನ ನಾನು ಹೋಗಿ ಪಕ್ಕದಲ್ಲಿ ಕೂತೆ. ಬಳೆ ತೆಗೆದ ಆ ಕೈ ನೋಡಲಾಗದೆ ನಾನೇ ಅತ್ತುಬಿಟ್ಟೆ, ಆಪಾ ಅಳಲಿಲ್ಲ. "ನಾ ಹೋಗಾಕಿ," ಅಂದಳು. "ದೇವರು ಕೇಳಿದ್ರ ಜವಾಬು ಕೊಡ್ತೀನಿ, ಅವಗ ಎಲ್ಲಾ ಗೊತ್ತೈತಿ. ಮಗಳು ಕೇಳಿದ್ರ ಕೊಡಾಕ ನನ್ನ ಕಡೆ ಜವಾಬಿಲ್ಲ." ಸಂಜೆಯ ಹೈದರಾಬಾದ್ ಬಸ್ಸಿಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಓಣಿಯ ಬಾಗಿಲುಗಳಲ್ಲೆಲ್ಲ ಜನ. ಒಬ್ಬರಾದರೂ ಹೋಗಿ ಬಾ ಅನ್ನಲಿಲ್ಲ. ಬಸ್ಸು ಹತ್ತುವಾಗ, "ಕಂಕುಳದಾಗ ಬಟ್ಟಿ ಬಿಗಿ ಹಿಡೀಬ್ಯಾಡ, ಹೆಂಗಸರು ಕೈ ಎತ್ತಿ ಕೆಲಸ ಮಾಡಬೇಕಾಗತೈತಿ" ಅಂದಳು. ಅಂಥ ಹೊತ್ತಿನಲ್ಲಿಯೂ ಆಕೆಗೆ ಹೊಲಿಗೆಯದೇ ಮಾತು.

ಹುಡುಗಿ ಪಾಸಾದಳು. ಅಲ್ಲಿಯೇ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕು ತನ್ನ ಹೆಸರಿನದೇ ಪರವಾನಗಿ ಮಾಡಿಸಿಕೊಂಡಳು. ಅದನ್ನು ಫೋನಿನಲ್ಲಿ ಹೇಳುವಾಗ ಆಪಾ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. "ಇನ್ನ ನಾ ಯಾರಿಗೂ ಮುಖ ತೋರಿಸಬೇಕಾಗಿಲ್ಲ ಬೇ." ಆ ಚಳಿಗಾಲದಲ್ಲಿಯೇ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಮಣ್ಣೂ ಅಲ್ಲಿಯೇ ಆಯಿತು. ಮಗಳು ನನಗೆ ಫೋನ್ ಮಾಡಿದಳು, ಆ ಮನೆಗೆ ಸುದ್ದಿ ಮುಟ್ಟಿಸಿದವಳು ನಾನು. ಮೈದುನ "ಹ್ಞೂಂ" ಅಂದು ಬಾಗಿಲು ಹಾಕಿಕೊಂಡ.

ಈ ವರ್ಷ ಹುಡುಗಿ ರಜೆ ಹಾಕಿ ಬಂದಳು. ಅಪ್ಪನ ಗೋರಿ ನೋಡಬೇಕು, ಅಜ್ಜಿಯನ್ನು ನೋಡಬೇಕು ಅಂದಳು. ಒಬ್ಬಳೇ ಹೋಗಲು ಅಂಜುತ್ತಾಳೆಂದು ನಾನು ಅಂಗಡಿ ಮುಚ್ಚಿ ಟಿಕೋಟಾದಿಂದ ಅವಳ ಜೊತೆ ವಿಜಯಪುರಕ್ಕೆ ಹೋದೆ. ಮುದುಕಿ ಮೊಮ್ಮಗಳ ಮುಖ ಸವರಿದರು. ಮಾತೆಲ್ಲ ಅವರ ಮನೆಯ ಉರ್ದುವಿನಲ್ಲಿ. ಇಷ್ಟು ವರ್ಷ ಒಂದೇ ಗೋಡೆ ಹಂಚಿಕೊಂಡವಳಿಗೆ ಅಷ್ಟು ತಿಳಿಯುತ್ತದೆ. ಮುದುಕಿ ಮೊದಲು ಕೇಳಿದ್ದು ಒಂದೇ: "ನಿಮ್ಮವ್ವ ಅಲ್ಲಿ ಇದ್ದತ್ ಕೂತಿದ್ದಳೇ?"

"ಪೂರ್ತಿ ಕೂತಿದ್ದಳು ಅಜ್ಜಿ. ಹಗಲು ಅಂಗಡಿ, ಹೊತ್ತು ಮುಳುಗುವುದರೊಳಗೆ ಕೋಣೆ. ಕೈಗೆ ಬಳೆ ಇಲ್ಲ, ಕಣ್ಣಿಗೆ ಸುರಮಾ ಇಲ್ಲ. ಒಂದು ದಿನ ಬಿಡಲಿಲ್ಲ."

"ಫೋನ್ ಮಾಡಿ ಒಂದು ಮಾತು ಹೇಳಬಾರದಿತ್ತೇ?"

"ಪ್ರತಿ ಶುಕ್ರವಾರ ಮಾಡುತ್ತಿದ್ದಳು. ನೀವು ಎತ್ತುತ್ತಿರಲಿಲ್ಲ."

ಮುದುಕಿ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ನಿನಗ ಮಾಡ್ತಿದ್ಲೇನ?"

"ಮಾಡ್ತಿದ್ಲರಿ. ಮೊದಲ ನಿಮ್ಮ ಮೊಣಕಾಲು ಹೆಂಗ ಐತಿ ಅಂತ ಕೇಳಾಕಿ, ಆಮ್ಯಾಲ ನನ್ನ ಮಾತು."

"ಮತ್ತ ನೀ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ನೆಲ್ಲರಿ. ಆಕಿ ಹೆಸರು ಈ ಮನ್ಯಾಗ ತಗೀಬ್ಯಾಡ ಅಂದ್ರಿ ನೀವ."

ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಹುಡುಗಿ ಅವರನ್ನು ತಬ್ಬಿಕೊಂಡಳು, ಅದು ತಾಯಿಯ ಗುಣ. ಅತ್ತವರಿಗೆ ನೀರು ಕೊಡುವುದು ನೆರೆಯವರ ಧರ್ಮ, ನಾನು ತಂದು ಕೊಟ್ಟೆ. ಸಮಾಧಾನದ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಇವತ್ತಿಗೂ ಬಂದಿಲ್ಲ.