ಧನ್ಯಕುಮಾರ ಮಿಸ್ತ್ರಿ ಸುಳ್ಳು ದುರಸ್ತಿ ಮಾಡಿದ್ದು

ಮಿರಜದಲ್ಲಿ ದವಾಖಾನೆಗಳಿಗೇನೂ ಬರವಿಲ್ಲ. ಆದರೆ ಮಷೀನುಗಳ ಬಿ.ಪಿ. ನೋಡುವ ದವಾಖಾನೆ ಒಂದೇ ಒಂದು, ಅದು ಧನ್ಯಕುಮಾರ ಮಿಸ್ತ್ರಿಯದು. ಮಾಲಗಾಂವ ರಸ್ತೆಗೆ ಹತ್ತಿಕೊಂಡ ತಗಡಿನ ಅಂಗಡಿ, ತಗಡಿನ ಮೇಲೆ ಪೂರ್ತಿ ಹರಡಿಕೊಂಡ ಬೇವಿನ ಮರ. ಯಾರೋ ಡಾಕ್ಟರು ಹಳೆಯದಾಯಿತೆಂದು ಬಿಸಾಕಿದ ಬಿ.ಪಿ. ಯಂತ್ರವನ್ನು ಮಿಸ್ತ್ರಿ, ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರಿಗೆ ಹೊಂದಿಸಿಕೊಂಡಿದ್ದ. ರಬ್ಬರ್ ನಳಿಕೆಯನ್ನು ಪೆಟ್ರೋಲ್ ಹೋಗುವ ತೂತಿಗೆ ಸಿಕ್ಕಿಸಿ ಗಾಳಿ ಒತ್ತುವುದು. ಯಂತ್ರದ ಗಡಿಯಾರದ ಮುಳ್ಳು ಅಲ್ಲಾಡದೆ ನಿಂತರೆ ಪೆಟ್ರೋಲ್ ತಡೆಯುವ ಒಳಗಿನ ಸೂಜಿ ಗಟ್ಟಿಯಾಗಿ ಮುಚ್ಚಿಕೊಂಡಿದೆ ಎಂದರ್ಥ. ಜಾರಿದರೆ ಎಲ್ಲೋ ಸೋರುತ್ತಿದೆ.

ದ್ರಾಕ್ಷಿ ತೋಟದ ಔಷಧದ ಪಂಪು, ಮರ ಕಡಿಯುವ ಚೈನ್ ಸಾ, ಹೊಗೆಯುಗುಳುವ ಸಣ್ಣ ಎಂಜಿನ್ ಯಾವುದೇ ಇರಲಿ, ಮೂವತ್ತು ವರ್ಷದಿಂದ ಅವನ ಕೈ ದಾಟಿ ಹೋದದ್ದು ಮತ್ತೆ ಕೆಟ್ಟು ಮರಳಿ ಬಂದಿಲ್ಲ. ಬಸದಿಗೆ ಬರುವ ಜೈನ ಹಿರಿಯರು ಚೇಷ್ಟೆ ಮಾಡುವರು: "ಏನಪಾ, ಸಂಜಿಗೆ ಹೊತ್ತು ಮುಳಗೂದ್ರಾಗ ಉಣ್ಣಾಂವ ನೀ, ಮತ್ತ ಗಿಡಾ ಕಡಿಯೋ ಮಶೀನಿಗೆ ಔಷಧಾ ಕೊಡ್ತೀದಿ." ಮಿಸ್ತ್ರಿಯ ಉತ್ತರ ಯಾವಾಗಲೂ ಒಂದೇ: "ಡಾಕ್ಟರ್ರು ಪೇಶಂಟಗೋಳ ಗುಣಾ ನೋಡಿ ಔಷಧಾ ಕೊಡ್ತಾರೇನ್ರಿ?"

ಮನುಷ್ಯ ಒಳ್ಳೆಯವನೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಪಕ್ಕದ ಮನೆಯ ಭೂಪಾಲ ಅವನ ಕಾಕಾನ ಮಗ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಐದು ವರ್ಷದ ಹಿಂದೆ ಭೂಪಾಲ ತನ್ನ ಪಂಪನ್ನು ಸಾಂಗ್ಲಿಗೆ ಒಯ್ದು ದುರಸ್ತಿ ಮಾಡಿಸಿದ. ಅವತ್ತು ಸಾಂಗ್ಲಿಯಲ್ಲಿ ಬೇರೆ ಕೆಲಸವಿತ್ತು, ಹೋಗುತ್ತ ಒಯ್ದ, ಅಷ್ಟೇ. ಮಿಸ್ತ್ರಿಗೆ ಅದು ತನ್ನ ಮುಖಕ್ಕೆ ಹೊಡೆದಂತಾಯಿತು. ಅವತ್ತಿನಿಂದ ಮಾತು ಬಂದ್. ಎದುರಾದರೆ ಇವನು ಆಕಾಶ ನೋಡುವುದು, ಅವನು ಚಪ್ಪಲಿ ನೋಡುವುದು.

ಬೇವಿನ ಮರ ಮಾತ್ರ ಭೂಪಾಲನ ಜಾಗದಲ್ಲಿತ್ತು, ನೆರಳು ಮಿಸ್ತ್ರಿಯ ಅಂಗಡಿಗೆ ಬೀಳುತ್ತಿತ್ತು. ಆ ನೆರಳಿಲ್ಲದಿದ್ದರೆ ಚೈತ್ರದ ಬಿಸಿಲಿಗೆ ತಗಡಿನ ಕೆಳಗೆ ಮನುಷ್ಯ ಕೂರುವ ಮಾತೇ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮರ ಕಡಿಯುವ ಕೆಲಸದ ಮಾಲಗಾಂವದ ಮಾಯಪ್ಪ ಹಗ್ಗ, ಏಣಿ, ಚೈನ್ ಸಾ ತಂದು ಅದೇ ಮರದ ಬುಡದಲ್ಲಿ ಇಳಿಸಿದ. ಎಲೆ ಉದುರಿ ನೀರಿನ ಟಾಕಿ ತುಂಬುತ್ತದೆಂದು ಭೂಪಾಲ ಮರ ಕಡಿಯಲು ಹೇಳಿದ್ದ. ಮಾಯಪ್ಪ ಹತ್ತು ಸಲ ಮಷೀನಿನ ಹಗ್ಗ ಜಗ್ಗಿದ. ಮಷೀನು ಒಮ್ಮೆ ಸೀನಿ, ಸೈಲೆನ್ಸರಿನಿಂದ ಪೆಟ್ರೋಲ್ ತೊಟ್ಟಿಕ್ಕಿಸಿ ಸುಮ್ಮನಾಯಿತು. ಹತ್ತು ಹೆಜ್ಜೆ ಆಚೆಗೆ ಮಿಸ್ತ್ರಿಯ ಅಂಗಡಿ. ಮಾಯಪ್ಪ ಅದನ್ನು ಹೊತ್ತು ಅಲ್ಲಿಗೇ ಬಂದ.

"ಧನೂಕಾಕಾ, ಪೆಟ್ರೋಲ್ ಕುಡದ ಕುಡದ ಉಬ್ಬೇತ್ರಿ. ಸ್ಪಾರ್ಕ್ ಪ್ಲಗ್ ಎಲ್ಲಾ ಒದ್ದಿ. ಸ್ವಲ್ಪ ಲಗೂ ನೋಡ್ರಿ, ಈ ಗಿಡಾ ಇವತ್ತ ಕೆಡವಬೇಕ."

ಮಿಸ್ತ್ರಿ ಮರವನ್ನೊಮ್ಮೆ ನೋಡಿದ, ಮಷೀನನ್ನೊಮ್ಮೆ ನೋಡಿದ. ಆಗುವುದಿಲ್ಲ ಎನ್ನೋಣವೆಂದರೆ, ಧನ್ಯಕುಮಾರನಿಗೆ ಆಗದ ಮಷೀನು ಉಂಟೇ ಎಂದು ಊರು ನಗುತ್ತದೆ. ಚಹಾ ತರಿಸಿದ. ಸಾವಕಾಶ ಕುಡಿದ. ಎಷ್ಟು ಸಾವಕಾಶ ಕುಡಿದರೂ ಚಹಾ ಮುಗಿಯಲೇಬೇಕಲ್ಲ.

ಕಾರ್ಬುರೇಟರ್ ಬಿಚ್ಚಿ, ತಳದ ಮುಚ್ಚಳ ತೆಗೆದು, ತೆಳ್ಳನೆಯ ರಬ್ಬರ್ ಪರದೆ ಎತ್ತಿದ. ರೋಗ ಕಣ್ಣಿಗೇ ಕಂಡಿತು. ಪೆಟ್ರೋಲ್ ಬಿಡುವ, ತಡೆಯುವ ಪುಟ್ಟ ಸೂಜಿಯ ತುದಿಯಲ್ಲಿ ಸಾಸಿವೆಯಷ್ಟೂ ಇಲ್ಲದ ಮರಳಿನ ಕಣ. ಅದಕ್ಕೇ ಸೂಜಿ ಮುಚ್ಚದೆ ಪೆಟ್ರೋಲ್ ಎಂಜಿನ್ನಿಗೆ ನುಗ್ಗುತ್ತಿತ್ತು. ಒರೆಸಿ ಕೂರಿಸಿದರೆ ಐದು ನಿಮಿಷದ ಕೆಲಸ. ಮಿಸ್ತ್ರಿ ಒರೆಸಿದ. ಆಮೇಲೆ, ಸೂಜಿಯನ್ನು ಹಿಡಿದಿರುವ ಸಣ್ಣ ಸನ್ನೆಗೋಲನ್ನು ಇಕ್ಕಳದಿಂದ ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿದ. ಇನ್ನು ಸೂಜಿ ಪೂರ್ತಿ ಮುಚ್ಚುವ ಹಾಗಿಲ್ಲ. ಬಿ.ಪಿ. ನೋಡುವ ಗೋಜಿಗೆ ಹೋಗಲೇ ಇಲ್ಲ.

ಮಷೀನು ಅಂಗಡಿಯಲ್ಲಿ ಚೆನ್ನಾಗಿಯೇ ಓಡಿತು. ಮರದ ಬುಡಕ್ಕೆ ಹೋಗಿ ಹಲ್ಲು ಹಚ್ಚುವಷ್ಟರಲ್ಲಿ ಕೆಮ್ಮಿ ನಿಂತಿತು. ಮಧ್ಯಾಹ್ನದವರೆಗೆ ಜಗ್ಗಾಡಿ, ಬೆವರಿ, ಮಾಯಪ್ಪ ಹಗ್ಗ ಸುತ್ತಿಕೊಂಡು ಊರಿಗೆ ಹೋದ. ಮಿಸ್ತ್ರಿ ಆಚೆ ತಿರುಗಿ ನೋಡಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಅಲಕಾ ಕೇಳಿದಳು: "ಮಾಯಪ್ಪನ ಮಶೀನ್ ಮತ್ತ ನಿಂತತಂತಲ್ಲರಿ?"

"ನಾ ಏನ ಮಾಡಿನಿ ಅದಕ್ಕ?"

"ನೀವ ಏನರೆ ಮಾಡೀರಿ ಅಂತ ನಾ ಎಲ್ಲಿ ಅಂದ್ನಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮಿಸ್ತ್ರಿ ಅರ್ಧ ಭಾಕ್ರಿ ಬಿಟ್ಟು ಎದ್ದ. ಮರ ಉಳಿಯಿತೆಂಬ ಖುಷಿ ಎಷ್ಟು ಹುಡುಕಿದರೂ ಒಳಗೆ ಸಿಗಲಿಲ್ಲ.

ಮರುದಿನ ಮಾಯಪ್ಪ ಜಗಳಕ್ಕೆ ಬರುತ್ತಾನೆಂದು ಮಿಸ್ತ್ರಿ ಉತ್ತರ ಕಟ್ಟಿಕೊಂಡು ಕೂತಿದ್ದ. ಅವನು ಬಂದದ್ದು ತಲೆ ಕೆರೆದುಕೊಳ್ಳುತ್ತ.

"ತಪ್ಪ ನಂದ ಐತ್ರಿ ಕಾಕಾ. ನೀವು ಮಾಡಿ ಕೊಟ್ಟದ್ದು ಕೆಡೂದಿಲ್ಲ, ಪೆಟ್ರೋಲಿನ್ಯಾಗ ಆಯಿಲ್ ಹೆಚ್ಚು ಕಮ್ಮಿ ಆಗಿರಬೇಕ. ಕಲಸಾಕಿ ನಮ್ಮ ಮಗಳು ಭಾಗ್ಯಾ. ನಿನ್ನಿ ಅಕೀಗ ಬಾಯಿಗೆ ಬಂದಂಗ ಬೈದೆ. ಅಕಿ ಅಳಕೋತ, ನಾ ಬರೊಬ್ಬರಿ ಅಳತಿ ಮಾಡೇನಿ ಅಂತಾಳ. ಇವತ್ತ ನಾನ ಕಲಸಿ ತಂದೇನಿ, ನೋಡ್ರಿ."

ಪೆಟ್ರೋಲಿನ ಬಾಟಲಿ ಮುಂದಿಟ್ಟ. ಮಿಸ್ತ್ರಿಗೆ ಜೀವಮಾನದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಬಾಟಲಿ ಮುಟ್ಟದೆ ಮಷೀನು ಎಳೆದುಕೊಂಡ, ಬಿಚ್ಚಿದ, ಸನ್ನೆಗೋಲನ್ನು ತಗ್ಗಿಸಿ ಮಟ್ಟಕ್ಕೆ ತಂದ. ಈ ಸಲ ಬಿ.ಪಿ. ನೋಡಿದ. ಮುಳ್ಳು ನೂರಾ ಐವತ್ತರ ಮೇಲೆ ಹೋಗಿ ಅಲ್ಲಾಡದೆ ನಿಂತಿತು.

"ಭಾಗ್ಯಾಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲೋ ಮಾಯಪ್ಪಾ. ನಾನ ಕೆಡಿಸಿ ಕೊಟ್ಟಿದ್ದೆ. ಈ ಗಿಡಾ ಉಳೀಲಿ ಅಂತ."

ಮಾಯಪ್ಪ ತನ್ನ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡ. ಅವನಿಗೆ ಸಿಟ್ಟು ಬಂದದ್ದು ಕಿವಿ ಕೆಂಪಾದದ್ದರಿಂದಲೇ ಗೊತ್ತಾಗುತ್ತಿತ್ತು. ಹೇಳಿದ: "ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ಲರಿ ಕಾಕಾ. ಗಿಡಾ ಉಳಸೂದಿದ್ರ ಗಿಡದ ಮಾಲಕಗ ಹೇಳಬೇಕಾಗಿತ್ತು. ಮಶೀನಿಗೆ ಯಾಕ ಹೇಳಿದ್ರಿ?"

ಮಿಸ್ತ್ರಿ ಕೈ ಒರೆಸಿಕೊಂಡ. "ಭಾಗ್ಯಾಗ ಸಂಜಿಗೆ ನಾನ ಬಂದು ಹೇಳ್ತೀನಿ. ನೀ ಹತ್ತ ನಿಮಿಷ ತಡಿ," ಎಂದವನೇ ಅಂಗಡಿ ಇಳಿದ.

ಭೂಪಾಲನ ಮನೆ ಇಪ್ಪತ್ತು ಹೆಜ್ಜೆ. ಮಿಸ್ತ್ರಿಗೆ ಅದು ಮಾಲಗಾಂವದಷ್ಟು ದೂರವೆನಿಸಿತು. ಭೂಪಾಲ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ. ಮಿಸ್ತ್ರಿ ಆಕಾಶ ನೋಡಲಿಲ್ಲ.

"ಭೂಪಾಲ, ಗಿಡಾ ಕಡಸಬ್ಯಾಡೋ. ಅದ ಹೋದ್ರ ನನಗ ಅಲ್ಲಿ ಕುಂದ್ರಾಕ ಆಗೂದಿಲ್ಲ. ನಿನ್ನ ಟಾಕಿಗೆ ನಾನ ಮುಚ್ಚಳಾ ಮಾಡಿ ಕೊಡ್ತೀನಿ."

ಭೂಪಾಲ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದ. ಮಿಸ್ತ್ರಿ ಕೂತ ಮೇಲೂ ಅವನು ಮುಖ ತಿರುಗಿಸಲಿಲ್ಲ, ರಸ್ತೆಯನ್ನೇ ನೋಡುತ್ತ ಹೇಳಿದ:

"ಟಾಕಿ ಮ್ಯಾಲಿನ ಎರಡ ಟೊಂಗಿ ತಗಸ್ತೀನಿ, ಉಳದದ್ದು ಇರಲಿ. ಕಡಿಯಾಕ ಹಚ್ಚಿದ್ರ ಬೈಯಾಕರೇ ಬರ್ತಾನ ಧನ್ಯಾ, ಅಂತ ನಿನ್ನಿ ಮುಂಜಾನಿಂದ ಇಲ್ಲೇ ಕುಂತೇನಿ. ನೀ ಬರಲೇ ಇಲ್ಲ."